ಮಲಯಾಳಂ ಹೊಡೆದಾಟದ ಚಿತ್ರಗಳಲ್ಲಿ ನಿಮಗೆ ಹಿಡಿಸುವುದು ಏನು?

"ಮಲಯಾಳಂ ಚಿತ್ರವೆಂದರೆ ಮನೆ, ಮಳೆ, ಮಧ್ಯಮವರ್ಗದ ಬದುಕು. ಹೊಡೆದಾಟ ಬೇಕಿದ್ದರೆ ತೆಲುಗಿನಲ್ಲಿದೆ, ನಮ್ಮಲ್ಲೇ ಬೇಕಾದಷ್ಟಿದೆ. ಅವರ ಮಾರಾಮಾರಿ ಚಿತ್ರಗಳನ್ನು ಹುಡುಕಿಕೊಂಡು ಹೋಗುವುದೇಕೆ?" ಎಂದು ಗೆಳೆಯರು ಕೇಳುತ್ತಲೇ ಇರುತ್ತಾರೆ. ಅಲ್ಲಿನ ಒಳ್ಳೆಯ ಚಿತ್ರಗಳಲ್ಲಿ ಮೊದಲ ಏಟು ಬೀಳುವ ಹೊತ್ತಿಗೆ ಹೊಡೆಯುವವನು ಯಾರು, ತಿನ್ನುವವನು ಯಾರು, ಇಬ್ಬರ ನಡುವೆ ಯಾವ ಮಾತು ಉಳಿದುಹೋಗಿದೆ ಎಂಬುದೆಲ್ಲ ನಮಗೆ ತಿಳಿದಿರುತ್ತದೆ; ಆದ್ದರಿಂದ ಆ ಏಟು ನಮಗೂ ತಾಗುತ್ತದೆ.

ಇದಕ್ಕೆ 2020ರ 'ಅಯ್ಯಪ್ಪನುಂ ಕೋಶಿಯುಂ' ಚಿತ್ರಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ. ಮದ್ಯ ನಿಷೇಧವಿರುವ ಕೇರಳದ ಅಟ್ಟಪ್ಪಾಡಿಯಲ್ಲಿ, ಕಾರಿನಲ್ಲಿ ಬಾಟಲಿಗಳಿಟ್ಟುಕೊಂಡು ಸಿಕ್ಕಿಬೀಳುವ ಸೇನೆಯ ನಿವೃತ್ತ ಹವಾಲ್ದಾರ ಕೋಶಿ ಸಿರಿವಂತ ಮನೆತನದವನು. ಅವನನ್ನು ಹಿಡಿದ ಸಬ್ ಇನ್‌ಸ್ಪೆಕ್ಟರ್ ಅಯ್ಯಪ್ಪನ್ ನಾಯರ್. ಕುಡಿತದ ಚಟದಿಂದ ಒದ್ದಾಡುವ ಕೋಶಿಯನ್ನು ನೋಡಲಾಗದೆ ಅಯ್ಯಪ್ಪನ್ ವಶಪಡಿಸಿಕೊಂಡ ಬಾಟಲಿಯಿಂದಲೇ ಒಂದಿಷ್ಟು ಕೊಡುತ್ತಾನೆ. ಕೋಶಿ ಅದನ್ನು ಗುಟ್ಟಾಗಿ ಚಿತ್ರೀಕರಿಸಿ ಅವನ ಕೆಲಸಕ್ಕೇ ಕುತ್ತು ತರುತ್ತಾನೆ. ಕರುಣೆಯಿಂದ ಹುಟ್ಟಿದ ಈ ಹಗೆಯು ಹಣ, ಜಾತಿ, ಅಧಿಕಾರ ಮತ್ತು ಕೋಶಿಯ ತಂದೆಯ ಹಟಗಳನ್ನೆಲ್ಲ ಒಳಗೆಳೆದುಕೊಂಡು ಕೊನೆಗೆ ಇಬ್ಬರ ಬರಿಗೈ ಕಾದಾಟಕ್ಕೆ ಬಂದು ನಿಲ್ಲುವಾಗ, ಯಾರು ಗೆಲ್ಲಬೇಕೆಂದು ಹೇಳಲಾಗದೆ ನಾನು ಕುಳಿತಿದ್ದೆ. ನಿರ್ದೇಶಕ ಸಚಿ ಅದೇ ವರ್ಷ ತೀರಿಕೊಂಡರು. ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿ ಅವರಿಗೆ ಮರಣಾನಂತರ ಬಂತು, ಸಾಹಸ ಸಂಯೋಜನೆಗೂ ಪ್ರಶಸ್ತಿ ದೊರೆಯಿತು.

ಈ ಗುಣ ಹೊಸದೇನಲ್ಲ. 1980ರ 'ಅಂಗಾಡಿ'ಯಲ್ಲಿ ನಟ ಜಯನ್ ಮಾರುಕಟ್ಟೆಯ ಹಮಾಲಿ. ಹಮಾಲಿಗಳನ್ನು ಹೀಗಳೆದವರಿಗೆ ಅವನು ಇಂಗ್ಲಿಷಿನಲ್ಲೇ ಉತ್ತರ ಕೊಡುವ ದೃಶ್ಯವನ್ನು ಮಲಯಾಳಿಗಳು ಇಂದಿಗೂ ನೆನೆಯುತ್ತಾರೆ. ಅದೇ ವರ್ಷದ ನವೆಂಬರಿನಲ್ಲಿ ಮದ್ರಾಸಿನ ಬಳಿಯ ಶೋಲಾವರಂನಲ್ಲಿ ಹೆಲಿಕಾಪ್ಟರ್ ಸಾಹಸದ ಚಿತ್ರೀಕರಣದಲ್ಲಿ ಜಯನ್ ಪ್ರಾಣ ಬಿಟ್ಟರು. ಮುಂದೆ ಡೆನ್ನಿಸ್ ಜೋಸೆಫ್ ಬರೆದ, ಜೋಶಿ ನಿರ್ದೇಶಿಸಿದ 'ನ್ಯೂ ಡೆಲ್ಲಿ' (1987) ಮಮ್ಮುಟ್ಟಿಯವರ ನಟನಾ ವೃತ್ತಿಗೆ ಮರುಜೀವ ಕೊಟ್ಟಿತು. ಜೋಶಿಯವರೇ ಅದನ್ನು ಅಂಬರೀಶ್ ಅವರೊಂದಿಗೆ ಕನ್ನಡಕ್ಕೂ ತಂದರು. ನಮ್ಮ ಟೈಗರ್ ಪ್ರಭಾಕರ್ 1993ರ 'ಧ್ರುವಂ'ನಲ್ಲಿ ಖಳನಾಗಿ ಮಮ್ಮುಟ್ಟಿಯವರಿಗೆ ಎದುರಾದದ್ದನ್ನು ಇಲ್ಲಿ ನೆನೆಯದಿರಲಾರೆ.

1995ರ 'ಸ್ಫಟಿಕಂ' ಚಿತ್ರದಲ್ಲಿ ಪಂಚೆ ಬಿಚ್ಚಿ ಎದುರಾಳಿಯ ತಲೆಗೆ ಹೊದಿಸಿ ಬಡಿಯುವ ಆಡು ತೋಮನ ನಿಜವಾದ ಎದುರಾಳಿ ಅವನ ತಂದೆ, ಗಣಿತದ ಮೇಷ್ಟ್ರು ಚಾಕೊ. ಮಗನ ಯಂತ್ರಪ್ರತಿಭೆ ಕಾಣದೆ ಅಂಕಗಳನ್ನಷ್ಟೇ ಕಂಡ ಆ ತಂದೆಯೇ ಮಗನನ್ನು ರೌಡಿ ಮಾಡಿದನೆಂಬ ಕೊರಗು ಚಿತ್ರದ ಒಂದೊಂದು ಹೊಡೆತದ ಹಿಂದೆಯೂ ಇದೆ. ಅದರ ಆಸುಪಾಸಿನಲ್ಲೇ ಬಂದ 'ತಂಬುರಾನ್' (ಊರ ಒಡೆಯ) ಚಿತ್ರಗಳಲ್ಲಿ ನಾಯಕನ ಹಳೆಯ ಮನೆತನದ ದರ್ಪವನ್ನೇ ಧರ್ಮವೆಂದು ಹೊಗಳಿದ ರೀತಿ ನನಗೆ ಒಗ್ಗಲಿಲ್ಲ.

2016ರಲ್ಲಿ 'ಪುಲಿಮುರುಗನ್' ಗಳಿಕೆ ನೂರು ಕೋಟಿ ದಾಟಿದ ಮೇಲೆ ಈ ಚಿತ್ರಗಳ ಗಾತ್ರ ಹಿಗ್ಗಿತು. ರವಿ ಬಸ್ರೂರು ಸಂಗೀತವಿರುವ 'ಮಾರ್ಕೊ'ದಲ್ಲಿ (2024) ರಕ್ತ ಹರಿದಷ್ಟು ಮನುಷ್ಯರು ಕಾಣಲಿಲ್ಲ ಎಂಬುದು ನನ್ನ ಬೇಸರ.

ಅದೇ ವರ್ಷದ 'ಆವೇಶಂ' ಆ ಬೇಸರವನ್ನು ಕಳೆಯಿತು. ಬೆಂಗಳೂರಿನ ಕಾಲೇಜಿಗೆ ಬಂದ ಮೂವರು ಮಲಯಾಳಿ ಹುಡುಗರು ತಮ್ಮನ್ನು ಹೊಡೆದ ಹಿರಿಯ ವಿದ್ಯಾರ್ಥಿಗಳ ಮೇಲೆ ಸೇಡು ತೀರಿಸಿಕೊಳ್ಳಲು ರಂಗ ಎಂಬ ರೌಡಿಯ ಸ್ನೇಹ ಬೆಳೆಸುತ್ತಾರೆ. ಮಲಯಾಳಂ ಜೊತೆಗೆ ಕನ್ನಡವನ್ನೂ ಬೆರೆಸಿ ಮಾತಾಡುವ ಆ ರಂಗ, ತಾಯಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು, ಬಹಳ ಹೊತ್ತು ಯಾರ ಮೇಲೂ ಕೈ ಎತ್ತುವುದಿಲ್ಲ. ಇವನಿಗೆ ನಿಜಕ್ಕೂ ಹೊಡೆಯಲು ಬರುತ್ತದೆಯೇ ಎಂದು ಹುಡುಗರಿಗೇ ಅನುಮಾನ ಬರುತ್ತದೆ, ರಂಗನಾಗಿ ನಟಿಸಿದ ಫಹಾದ್ ಫಾಸಿಲ್ ಅವರ ಕಣ್ಣುಗಳನ್ನು ನೋಡುತ್ತಾ ನಮಗೂ ಬರುತ್ತದೆ.