ಕಾಗದ ಆಮೇಲೆ, ಮೊದಲು ಅವರ ಮಾತು

ಉಯಿಲು, ದಾನಪತ್ರ, ಪವರ್ ಆಫ್ ಅಟಾರ್ನಿ (ತಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಕೊಡುವ ಅಧಿಕಾರಪತ್ರ), ಹಿರಿಯರ ಆರೈಕೆಗೆ ಸಂಬಂಧಿಸಿದ ಒಪ್ಪಂದಗಳು: ನನ್ನ ವಕೀಲಿಕೆಯ ಬಹುಪಾಲು ಇವುಗಳಲ್ಲೇ ಕಳೆಯುತ್ತದೆ. ಕೆಲಸ ಹಿಡಿದು ಬರುವವರು ಸಾಮಾನ್ಯವಾಗಿ ಮಕ್ಕಳು. ತಂದೆ ಆಸ್ಪತ್ರೆಯಲ್ಲಿದ್ದಾರೆ, ತಾಯಿಗೆ ಮರೆವು ಶುರುವಾಗಿದೆ, ಬ್ಯಾಂಕಿನವರು ಅವರ ಖಾತೆಯಿಂದ ಹಣ ತೆಗೆಯಲು ಬಿಡುತ್ತಿಲ್ಲ. ನಿದ್ದೆಗೆಟ್ಟು ಬಂದಿರುತ್ತಾರೆ, ಒಂದು ಕಾಗದವಾದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆ ಹೊತ್ತು ಬಂದಿರುತ್ತಾರೆ. ಅವರ ಅವಸರ ನನಗೆ ಅರ್ಥವಾಗುತ್ತದೆ. ಆದರೂ ತಂದೆಯನ್ನೋ ತಾಯಿಯನ್ನೋ ಒಂಟಿಯಾಗಿ ಮಾತನಾಡಿಸದೆ ನಾನು ಕರಡು ಬರೆಯಲು ಕೂರುವುದಿಲ್ಲ. ಈ ಕೆಲಸ ನನಗೆ ಕಲಿಸಿದ್ದರಲ್ಲಿ ಇದಕ್ಕಿಂತ ದೊಡ್ಡದು ಬೇರೆ ಇಲ್ಲ.

ಒಮ್ಮೆ ಮಗನೊಬ್ಬ ತಾಯಿಯನ್ನು ಕರೆತಂದರು. ಮನೆಯನ್ನು ಮಗನ ಹೆಸರಿಗೆ ದಾನಪತ್ರ ಮಾಡಿಸಬೇಕಿತ್ತು. ನಾನು ತಾಯಿಯನ್ನು ಕೇಳಿದ ಪ್ರಶ್ನೆಗಳಿಗೆಲ್ಲ ಮಗನೇ ಉತ್ತರಿಸುತ್ತಿದ್ದರು. ವಯಸ್ಸು, ಔಷಧ, ಕೊನೆಗೆ ‘ನಿಮಗೆ ಏನು ಅನ್ನಿಸುತ್ತದೆ ಅಮ್ಮಾ?’ ಎಂಬ ಪ್ರಶ್ನೆಗೂ ಅವರದೇ ಉತ್ತರ. ಅವರಲ್ಲಿ ಕಪಟವಿರಲಿಲ್ಲ. ಎಷ್ಟೋ ಕಾಲದಿಂದ ವೈದ್ಯರ ಮುಂದೆ, ಬ್ಯಾಂಕಿನಲ್ಲಿ ತಾಯಿಯ ಪರವಾಗಿ ಮಾತನಾಡಿ ಅದೇ ರೂಢಿಯಾಗಿತ್ತು. ಸ್ವಲ್ಪ ಹೊತ್ತು ಹೊರಗೆ ಕುಳಿತಿರಿ ಎಂದು ಕೇಳಿಕೊಂಡೆ. ಬಾಗಿಲು ಮುಚ್ಚಿದ ಮೇಲೆ ಆ ತಾಯಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ‘ಮನೆ ಅವನಿಗೇ. ಅದರಲ್ಲಿ ಎರಡು ಮಾತಿಲ್ಲ. ನಾನು ಇರುವವರೆಗೆ ಅಲ್ಲಿ ಇರಬಹುದು ಎಂದು ಅದರಲ್ಲೇ ಬರೆಯುವುದಕ್ಕೆ ಆಗುತ್ತದೆಯೇ?’ ಎಂದರು.

ಆಗುತ್ತದೆ. ದಾನ ಮಾಡಿದ ಆಸ್ತಿ ಆಗಲೇ ಕೈಬಿಟ್ಟು ಹೋಗುತ್ತದೆ, ಮರಳಿ ಪಡೆಯುವುದು ಬಹಳ ಕಷ್ಟ. ಉಯಿಲು ಮಾತ್ರ ಬರೆದವರು ತೀರಿಕೊಂಡ ಮೇಲೆ ಜಾರಿಗೆ ಬರುತ್ತದೆ, ಬುದ್ಧಿ ನೆಟ್ಟಗಿರುವವರೆಗೂ ಅದನ್ನು ಬದಲಿಸಬಹುದು. ದಾನವನ್ನೇ ಮಾಡುವುದಾದರೆ ಜೀವಿತಾವಧಿಯ ವಾಸದ ಹಕ್ಕನ್ನು ಉಳಿಸಿಕೊಂಡು ಬರೆಯಬಹುದು. ಇದನ್ನೆಲ್ಲ ಆ ತಾಯಿಗೆ ವಿವರಿಸಿ, ಅವರ ಒಪ್ಪಿಗೆ ಪಡೆದು ಮಗನಿಗೂ ಹೇಳಿದೆ. ಮಗ ಪೆಚ್ಚಾದರು. ‘ಅಮ್ಮನಿಗೆ ಈ ಭಯ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ’ ಎಂದರು. ಕೊನೆಗೆ ಆ ತಾಯಿ ಆರಿಸಿಕೊಂಡದ್ದು ಉಯಿಲನ್ನು.

ಮರೆವಿನ ಕಾಯಿಲೆ ಎಂದು ವೈದ್ಯರು ಬರೆದುಕೊಟ್ಟ ಮಾತ್ರಕ್ಕೆ ಆ ವ್ಯಕ್ತಿ ಸಹಿ ಹಾಕುವ ಹಕ್ಕನ್ನು ಕಳೆದುಕೊಂಡರು ಎಂದು ಅನೇಕರು ತಿಳಿದಿದ್ದಾರೆ. ಕಾನೂನು ಅಷ್ಟು ನಿರ್ದಯಿಯಲ್ಲ. ಉಯಿಲಿನ ವಿಷಯದಲ್ಲಿ ಇಂದಿಗೂ ಅನೇಕ ದೇಶಗಳ ನ್ಯಾಯಾಲಯಗಳು ನೆನೆಯುವ ಇಂಗ್ಲೆಂಡಿನ ತೀರ್ಪೊಂದಿದೆ, 1870ರ ಬ್ಯಾಂಕ್ಸ್ ವಿರುದ್ಧ ಗುಡ್‌ಫೆಲೋ. ಉಯಿಲು ಬರೆದಾತನಿಗೆ ದೆವ್ವಗಳು ತನ್ನನ್ನು ಕಾಡುತ್ತಿವೆ ಎಂಬ ಭ್ರಮೆಯಿತ್ತು. ಆ ಭ್ರಮೆ ಉಯಿಲಿನ ಮೇಲೆ ಪ್ರಭಾವ ಬೀರಿರಲಿಲ್ಲವಾದ್ದರಿಂದ ಉಯಿಲು ಊರ್ಜಿತವಾಯಿತು. ತಾನು ಮಾಡುತ್ತಿರುವುದು ಏನು, ತನ್ನ ಆಸ್ತಿ ಸುಮಾರಾಗಿ ಎಷ್ಟು, ಅದರಲ್ಲಿ ಪಾಲು ನಿರೀಕ್ಷಿಸಬಹುದಾದವರು ಯಾರು ಎಂಬುದು ಬರೆಯುವವರಿಗೆ ತಿಳಿದಿರಬೇಕು ಎಂಬುದು ಅಲ್ಲಿಂದ ಬಂದ ಅಳತೆ. ಇಂಗ್ಲೆಂಡಿನ 2005ರ ಮಾನಸಿಕ ಸಾಮರ್ಥ್ಯ ಕಾಯ್ದೆಯೂ ಸಾಮರ್ಥ್ಯ ಇದೆ ಎಂದು ಭಾವಿಸಿಯೇ ಹೊರಡುತ್ತದೆ. ಇಲ್ಲ ಎನ್ನುವವರು ಅದನ್ನು ತೋರಿಸಿಕೊಡಬೇಕು, ಅದೂ ಆ ಹೊತ್ತಿನ ಆ ಒಂದು ನಿರ್ಧಾರದ ಮಟ್ಟಿಗೆ.

ಹಾಗಾಗಿ ದಿನದ ಯಾವ ಹೊತ್ತಿನಲ್ಲಿ ಅವರ ಮನಸ್ಸು ತಿಳಿಯಾಗಿರುತ್ತದೆ ಎಂದು ಮನೆಯವರನ್ನು ಕೇಳಿಕೊಂಡು ಆ ಹೊತ್ತಿಗೇ ಭೇಟಿ ಇಟ್ಟುಕೊಳ್ಳುತ್ತೇನೆ. ಕಿವಿಯ ಯಂತ್ರ, ಕನ್ನಡಕ ಮರೆಯದೆ ತರಲು ಹೇಳುತ್ತೇನೆ. ಕೇಳಿಸದೆ ತಲೆಯಾಡಿಸುವುದನ್ನು ಒಪ್ಪಿಗೆ ಎಂದುಕೊಳ್ಳಲಾಗದು. ಅದೇ ದಿನದ ವೈದ್ಯರ ಪ್ರಮಾಣಪತ್ರವಿದ್ದರೆ ಮುಂದೆ ತಕರಾರು ಬಂದಾಗ ಬಹಳ ನೆರವಾಗುತ್ತದೆ. ಉಯಿಲಿನಿಂದ ಲಾಭ ಪಡೆಯುವವರನ್ನು ಸಾಕ್ಷಿಯಾಗಿಸುವುದಿಲ್ಲ.

ಪವರ್ ಆಫ್ ಅಟಾರ್ನಿಯ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರಾವುದರ ಬಗ್ಗೆಯೂ ಇಲ್ಲ. ಇಂಗ್ಲೆಂಡಿನಲ್ಲಿ, ಅಮೆರಿಕದಲ್ಲಿ ಬುದ್ಧಿ ಮಂಕಾದ ಮೇಲೂ ಮುಂದುವರಿಯುವ ಬಗೆಯ ಅಧಿಕಾರಪತ್ರವನ್ನು ಮೊದಲೇ ಮಾಡಿಡಬಹುದು. ಭಾರತದಲ್ಲಿ 1872ರ ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ, ಅಧಿಕಾರ ಕೊಟ್ಟವರ ಬುದ್ಧಿ ಸ್ಥಿಮಿತದಲ್ಲಿಲ್ಲದಾಗ ಆ ಅಧಿಕಾರವೇ ಮುಗಿಯುತ್ತದೆ. ಎಲ್ಲಕ್ಕಿಂತ ಹೆಚ್ಚು ಬೇಕಾದ ಹೊತ್ತಿಗೇ ಅದು ಕೈಕೊಡುತ್ತದೆ, ಆಮೇಲೆ ಪಾಲಕರ ನೇಮಕಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ. ಬೇರೆ ದೇಶದಲ್ಲಿರುವ ಮಕ್ಕಳು ಅಲ್ಲಿನ ನಿಯಮವನ್ನು ಇಲ್ಲಿಗೆ ಹೊಂದಿಸಿ ನೋಡುವುದು ಅಪಾಯ. ಇನ್ನು ಚಿಕಿತ್ಸೆಯ ಮುಂಗಡ ಸೂಚನೆ, ಅಂದರೆ ತಾವೇ ಹೇಳಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವ ಪತ್ರ: ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಅದಕ್ಕೆ ಮನ್ನಣೆ ಕೊಟ್ಟಿತು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಪಡೆದರೆ ಸಾಕು.

ಕಾಗದಕ್ಕಿಂತ ಹೆಚ್ಚಾಗಿ ಮನೆಗಳನ್ನು ಮುರಿಯುವುದು ಲೆಕ್ಕ. ಹತ್ತಿರವಿದ್ದು ನೋಡಿಕೊಳ್ಳುವ ಮಗಳು ತನ್ನ ಸಂಬಳದಿಂದ ಔಷಧ ತರುತ್ತಾಳೆ, ತಾಯಿಯ ಹಣದಿಂದ ಮನೆಯ ಸಾಮಾನು ತರುತ್ತಾಳೆ, ಅನುಕೂಲಕ್ಕೆಂದು ಖಾತೆಯನ್ನು ಜಂಟಿ ಮಾಡಿಸುತ್ತಾಳೆ. ವರ್ಷಗಳು ಕಳೆದ ಮೇಲೆ ದೂರದ ಅಣ್ಣ ‘ಇಷ್ಟು ಹಣ ಎಲ್ಲಿ ಹೋಯಿತು?’ ಎಂದು ಕೇಳುತ್ತಾನೆ. ರಾತ್ರಿಯೆಲ್ಲ ಎದ್ದು ಕೂತವಳಿಗೆ ಆ ಒಂದು ಪ್ರಶ್ನೆ ಎಷ್ಟು ನೋವು ಕೊಡುತ್ತದೆ ಎಂಬುದನ್ನು ನನ್ನ ಮೇಜಿನ ಆಚೆಬದಿಯಲ್ಲಿ ಕಂಡಿದ್ದೇನೆ. ಅಣ್ಣನೂ ಸುಮ್ಮನೆ ಕೇಳಿರುವುದಿಲ್ಲ. ದೂರವಿದ್ದವರಿಗೆ ಕಾಣುವುದು ಅಂಕಿ ಮಾತ್ರ. ಆದ್ದರಿಂದ ತಂದೆತಾಯಿಯ ಹಣವನ್ನು ಬೇರೆಯಾಗಿಯೇ ಇಡಿ, ರಸೀದಿ ಉಳಿಸಿ, ತಿಂಗಳಿಗೊಮ್ಮೆ ಒಡಹುಟ್ಟಿದವರಿಗೆಲ್ಲ ಒಂದೇ ಲೆಕ್ಕ ಕಳುಹಿಸಿ. ಕೆಲಸ ಬಿಟ್ಟು ನೋಡಿಕೊಳ್ಳುವವರಿಗೆ ಹೆತ್ತವರು ಹಣ ಕೊಡಲು ಬಯಸಿದರೆ ಅವರು ಸ್ವಸ್ಥರಾಗಿರುವಾಗಲೇ ಬರೆದಿಡಲಿ. ಸೇವೆಗೆ ಹಣ ಪಡೆಯುವುದು ನಾಚಿಕೆಯ ವಿಷಯ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಮೊದಲ ಭೇಟಿಗೆ ಬರುವಾಗ ಆಸ್ತಿಪತ್ರಗಳ ಪ್ರತಿ, ಖಾತೆಗಳ ಮತ್ತು ನಾಮಿನಿಗಳ ಪಟ್ಟಿ, ನಡೆಯುತ್ತಿರುವ ಚಿಕಿತ್ಸೆಯ ವಿವರ ತನ್ನಿ. ಆ ದಿನ ಸಹಿ ಇರುವುದಿಲ್ಲ. ಕರಡನ್ನು ಮನೆಗೆ ಕೊಟ್ಟು ಕಳುಹಿಸುತ್ತೇನೆ. ಓದಿಸಿಕೊಂಡು, ಯೋಚಿಸಿ, ಬೇಡವೆನಿಸಿದ್ದನ್ನು ಅವರೇ ಹೊಡೆದುಹಾಕಲಿ. ಎಷ್ಟು ಸಲ ತಿದ್ದಬೇಕಾದರೂ ತಿದ್ದಿಕೊಡುತ್ತೇನೆ.