ಛತ್ರಿಯ ಕೆಳಗೆ ಮಾತ್ರೆ ಎಣಿಸುವವನು

2018ರ ಡಿಸೆಂಬರಿನಲ್ಲಿ ನಾನು ಮ್ಯೂನಿಕ್ ತಲುಪುವ ಹೊತ್ತಿಗೆ ನೋಯ್ ಪಿನಾಕೊಟೆಕ್ ಸಂಗ್ರಹಾಲಯ ದುರಸ್ತಿಗಾಗಿ ಬಾಗಿಲು ಹಾಕುವುದರಲ್ಲಿತ್ತು. ಊರಿನ ಉಳಿದ ಆಕರ್ಷಣೆಗಳನ್ನೆಲ್ಲ ಬದಿಗಿಟ್ಟು 27ನೇ ನಂಬರಿನ ಟ್ರಾಮ್ ಹತ್ತಿದೆ. ನಾನು ನೋಡಬೇಕಿದ್ದದ್ದು ಒಂದೇ ಚಿತ್ರ: ಜರ್ಮನ್ ಚಿತ್ರಕಾರ ಕಾರ್ಲ್ ಸ್ಪಿಟ್ಸ್‌ವೆಗ್ 1839ರಲ್ಲಿ ಬರೆದ ‘ಬಡ ಕವಿ’.

ಗೋಡೆ ತುಂಬುವ ಚಿತ್ರಗಳನ್ನು ದಾಟಿ ಬಂದ ಕಣ್ಣಿಗೆ ಅದು ಮೊದಲು ಕಾಣಿಸಲೇ ಇಲ್ಲ. ಅಗಲ ಎರಡು ಗೇಣು, ಎತ್ತರ ಇನ್ನೂ ಕಡಿಮೆ. ಲೆಕ್ಕದಲ್ಲಿ ಹೇಳುವುದಾದರೆ 44.6 × 36.2 ಸೆಂ.ಮೀ. ಒಮ್ಮೆಗೆ ಒಬ್ಬರೋ ಇಬ್ಬರೋ ಬಗ್ಗಿ ನೋಡಬಹುದು, ಅಷ್ಟೇ.

ಇಳಿಜಾರು ಸೂರಿನ ಅಟ್ಟ. ಸೋರುವ ಜಾಗಕ್ಕೆ ಬಿಚ್ಚಿದ ಛತ್ರಿಯೊಂದನ್ನು ತೂಗುಹಾಕಿದೆ. ನೆಲದ ಮೇಲಿನ ಹಾಸಿಗೆಯಲ್ಲಿ ಬಿಳಿ ಟೋಪಿಯ ಕವಿ, ಬಾಯಲ್ಲಿ ಗರಿಯ ಲೇಖನಿ. ಒಲೆಯ ಕೊಳವೆಗೆ ಅವನ ಹ್ಯಾಟು ಸಿಕ್ಕಿಸಿದೆ ಎಂದರೆ ಬೆಂಕಿ ಆರಿ ಬಹಳ ಹೊತ್ತಾಗಿದೆ. ಒಲೆಯ ಮುಂದೆ ಕಾಗದದ ಕಟ್ಟು. ಅದರ ಮೇಲಿನ ಲ್ಯಾಟಿನ್ ಬರಹದ ಅರ್ಥ, ‘ನನ್ನ ಕೃತಿಗಳ ಮೂರನೆಯ ಕಟ್ಟು’. ಚಳಿ ಕಾಯಿಸಲು ಅವನಿಗಿರುವ ಸೌದೆ ಅದು. ಕಿಟಕಿಯಾಚೆ ಮಾಡುಗಳ ಮೇಲೆ ಹಿಮ. ಇಷ್ಟಿದ್ದರೂ ಕೋಣೆಯೊಳಗೆ ಹರಿದ ಹಳದಿ ಬೆಳಕು ಎಷ್ಟು ಬೆಚ್ಚಗಿದೆ!

ನನ್ನನ್ನು ಹಿಡಿದು ನಿಲ್ಲಿಸಿದ್ದು ಗೋಡೆ. ಅಲ್ಲಿ ಹೆಕ್ಸಾಮೀಟರ್ ಎಂಬ ಗ್ರೀಕ್-ಲ್ಯಾಟಿನ್ ಛಂದಸ್ಸಿನ ಆರು ಗಣಗಳನ್ನು ಗೆರೆ, ಕೊಂಕುಗಳಲ್ಲಿ ಗೀಚಿದ್ದಾನೆ. ನಮ್ಮ ಲಘು-ಗುರು ಪ್ರಸ್ತಾರದಂತೆಯೇ! ಕವಿಯ ಬಲಗೈ ಹೆಬ್ಬೆರಳು ತೋರುಬೆರಳನ್ನು ಕೂಡಿಸಿ ಎತ್ತಿಕೊಂಡಿದೆ. ಚಿಗಟವನ್ನು ಹೊಸಕುತ್ತಿದ್ದಾನೆಂದು ಕೆಲವರು, ಛಂದಸ್ಸು ಎಣಿಸುತ್ತಿದ್ದಾನೆಂದು ಕೆಲವರು. ಶಾಲೆಯಲ್ಲಿ ಬೆರಳು ಮಡಿಸಿ ಮಾತ್ರೆ ಎಣಿಸಿದ ನಾನು ಎರಡನೆಯ ಪಕ್ಷ.

1815ರಿಂದ 1848ರವರೆಗಿನ ಈ ಕಾಲಕ್ಕೆ ‘ಬೀಡರ್‌ಮೈಯರ್’ ಎಂಬ ಹೆಸರು ಬಂದದ್ದು ತಡವಾಗಿ. 1850ರ ದಶಕದಲ್ಲಿ ಇದೇ ಮ್ಯೂನಿಕ್ಕಿನ ಹಾಸ್ಯಪತ್ರಿಕೆ ಸೃಷ್ಟಿಸಿದ ಕಲ್ಪಿತ ಕವಿಯೊಬ್ಬನಿಂದ. ಪತ್ರಿಕೆ, ಪುಸ್ತಕಗಳ ಮೇಲೆ ಸರ್ಕಾರದ ಕತ್ತರಿ ಬಿಗಿಯಾಗಿದ್ದಾಗ ಕುಂಚ ಮನೆಯೊಳಗೆ ಹೊಕ್ಕಿತು: ಅಡುಗೆಮನೆ, ಹೊಲಿಗೆ, ಓದುವ ಮೇಜು. ಅದನ್ನು ಹೇಡಿತನವೆಂದು ಕರೆಯಲು ನನಗೆ ಮನಸ್ಸಿಲ್ಲ. ಸ್ಪಿಟ್ಸ್‌ವೆಗ್ ಔಷಧಶಾಸ್ತ್ರ ಕಲಿತವನು, ಚಿತ್ರಕಲೆಯನ್ನು ಸ್ವಂತವಾಗಿ ರೂಢಿಸಿಕೊಂಡವನು. ತಕ್ಕಡಿಯಲ್ಲಿ ಗುಳಿಗೆ ತೂಗುವವನ ನಿಗಾ ಈ ಚಿತ್ರದ ಮೂಲೆಮೂಲೆಯಲ್ಲಿದೆ.

ಇದರ ಇನ್ನೊಂದು ಪ್ರತಿ ಬರ್ಲಿನ್‌ನಲ್ಲಿತ್ತು. 1976ರಲ್ಲಿ ಕಲಾವಿದ ಉಲಾಯ್ ಅದನ್ನು ಕದ್ದು, ವಲಸೆ ಬಂದ ಟರ್ಕಿಯ ಕುಟುಂಬವೊಂದರ ಮನೆಯಲ್ಲಿ ತೂಗುಹಾಕಿದ್ದರು. ಆಗ ಮರಳಿ ಸಿಕ್ಕಿತು. 1989ರಲ್ಲಿ ಅದೇ ಊರಿನ ಷಾರ್ಲೊಟೆನ್‌ಬುರ್ಗ್ ಅರಮನೆಯಿಂದ ಕಳುವಾದದ್ದು ಮತ್ತೆ ಸಿಗಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಕವಿಯ ಬೆರಳು ತೋರಿಸಿ, ಉಗುರಿನಲ್ಲಿ ಚಿಗಟ ಕುಕ್ಕುವ ಅಭಿನಯ ಮಾಡಿ ನಕ್ಕರು. ನಾನು ತಲೆಯಾಡಿಸಿ, ಗೋಡೆಯ ಗೀಚು ತೋರಿಸಿ, ಗಾಳಿಯಲ್ಲಿ ಬೆರಳು ಮಡಿಸುತ್ತ ಎಣಿಸಿದೆ. ಅವರು ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು ಮತ್ತೆ ಬಗ್ಗಿದರು.