ದೋಣಿಯಲ್ಲಿ ನಿಂತವರು

ಮಗಳು ಲೈಬ್ರರಿಯಿಂದ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಪುಸ್ತಕ ತಂದಿದ್ದಾಳೆ. ಪುಟಕ್ಕೊಂದು ಚಿತ್ರ. ಓದೋದು ಕಮ್ಮಿ, ನೋಡೋದೇ ಜಾಸ್ತಿ.

ನಡುವೆ ಎರಡು ಪುಟ ತುಂಬಾ ಒಂದೇ ದೋಣಿ. ಸುತ್ತ ಮಂಜುಗಡ್ಡೆ. ಜಾರ್ಜ್ ವಾಷಿಂಗ್ಟನ್ ಒಂದು ಕಾಲು ಎತ್ತಿಟ್ಟು ಠೀವಿಯಿಂದ ನಿಂತಿದ್ದಾರೆ. ಹಿಂದೆ ಬಾವುಟ.

"ಅಪ್ಪಾ, ಹೀಗೆ ನಿಂತ್ರೆ ದೋಣಿ ಮಗುಚಲ್ವಾ?"

ಅಲ್ವಾ! ಇಷ್ಟು ಸಲ ನೋಡಿದ್ದೀನಿ, ನನಗೆ ಹೊಳೆದೇ ಇರಲಿಲ್ಲ.

ಸುಮ್ನೆ ಹುಡುಕುತ್ತಾ ಕೂತೆ. ಚಿತ್ರದಲ್ಲಿರೋದು ವಾಷಿಂಗ್ಟನ್ ತಮ್ಮ ಸೈನಿಕರ ಜೊತೆ ಡೆಲವೇರ್ ನದಿ ದಾಟುವ ದೃಶ್ಯ. ನಿಜಕ್ಕೂ ದಾಟಿದ್ದು 1776ರ ಡಿಸೆಂಬರ್ 25ರ ರಾತ್ರಿ. ಚಿತ್ರದಲ್ಲಿ ನೋಡಿದರೆ ಬೆಳಕು ಹರಿಯುತ್ತಿದೆ. ಆ ನಕ್ಷತ್ರ, ಪಟ್ಟೆಗಳ ಬಾವುಟಕ್ಕೆ ಒಪ್ಪಿಗೆ ಸಿಕ್ಕಿದ್ದೇ 1777ರ ಜೂನ್‌ನಲ್ಲಿ. ಚಿತ್ರಕಾರ ಲಾಯ್ಟ್ಸೆ ಇದನ್ನು ಬರೆದು ಮುಗಿಸಿದ್ದು 1851ರಲ್ಲಿ, ಅದೂ ಜರ್ಮನಿಯಲ್ಲಿ ಕೂತು.

ತಮಾಷೆ ಏನಂದರೆ, ನಿಂತಿದ್ದು ಮಾತ್ರ ಅಷ್ಟೇನೂ ತಪ್ಪಲ್ಲವಂತೆ. ಸೈನಿಕರನ್ನು ದಾಟಿಸಿದ್ದು ಕಬ್ಬಿಣ ಸಾಗಿಸುವ ಡರ್ಹಮ್ ದೋಣಿಗಳಲ್ಲಿ. ಉದ್ದ, ಅಂಚು ಎತ್ತರ. ಅದರಲ್ಲಿ ಆರಾಮಾಗಿ ನಿಲ್ಲಬಹುದಿತ್ತು. ಚಿತ್ರದಲ್ಲಿರುವ ಪುಟಾಣಿ ದೋಣಿಯಲ್ಲಿ ಆಗಿದ್ದರೆ ಕಥೆ ಮುಗೀತಿತ್ತು.

ಇದ್ದದ್ದು ಇದ್ದ ಹಾಗೇ ಬರೆದಿದ್ದರೆ? ಕಗ್ಗತ್ತಲು, ಆಲಿಕಲ್ಲು, ಗಾಳಿ. ಎರಡು ಪುಟ ಪೂರ್ತಿ ಕಪ್ಪು. ಯಾರು ನಿಂತು ನೋಡುತ್ತಿದ್ದರೋ. ನಾನಂತೂ ಪುಟ ತಿರುವಿಬಿಡ್ತಿದ್ದೆ.

ಮಗಳು ಈಗ ತಾನೇ ಒಂದು ದೋಣಿ ಬರೆಯುತ್ತಿದ್ದಾಳೆ. (ಬೇರೆ ಹಾಳೆಯಲ್ಲಿ, ಪುಣ್ಯ!) ಎಲ್ಲರೂ ಕೂತಿದ್ದಾರೆ. ವಾಷಿಂಗ್ಟನ್ ಕೈಗೂ ಒಂದು ಹುಟ್ಟು ಕೊಟ್ಟಿದ್ದಾಳೆ.